ಸೂಪರ್ ಮಾರ್ಕೆಟ್ಟಿನಿಂದ ಕಮಲಾಪುರದವರೆಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಹೆಸರನ್ನು ಕೇಳಿ, ದೊಡ್ಡ ಪಟ್ಟಣಗಳಲ್ಲಿ ಈಚೆಗೆ ತಲೆಯೆತ್ತಿರುವ ಗಾಜಿನ ಬಾಗಿಲಿನ, ತಣ್ಣನೆಯ ಗಾಳಿಯ ಒಂದೇ ಒಂದು ಅಂಗಡಿಯನ್ನು ಊಹಿಸಿಕೊಂಡು ಹೋಗುವವರು ಅಲ್ಲಿ ಕೊಂಚ ಬೆರಗಾಗುವುದುಂಟು. ಅದು ಅಂಗಡಿಯಲ್ಲ, ಊರಿನ ನಡುವಣ ಒಂದು ಪೇಟೆ. ಬಟ್ಟೆಯವರು, ಪಾತ್ರೆಯವರು, ಬಳೆಯವರು, ಚಪ್ಪಲಿಯ ಸಾಲು, ತಳ್ಳುಗಾಡಿಯ ಮೇಲೆ ದ್ರಾಕ್ಷಿ ಕಲ್ಲಂಗಡಿಗಳ ರಾಶಿ, ಇವುಗಳ ನಡುವೆ ಹೇಗೋ ದಾರಿ ಮಾಡಿಕೊಂಡು ನುಗ್ಗುವ ಆಟೋರಿಕ್ಷಾಗಳು, ನಗರ ಸಾರಿಗೆಯ ಬಸ್ಸುಗಳು. ಬೆಲೆಯನ್ನು ಕನ್ನಡದಲ್ಲಿ ಕೇಳಿದರೆ ಉತ್ತರ ಉರ್ದುವಿನಲ್ಲಿ ಬರುತ್ತದೆ. ಉರ್ದುವಿನಲ್ಲಿ ಚೌಕಾಶಿ ಮಾಡಿದರೆ ಕನ್ನಡದಲ್ಲಿ ಒಪ್ಪಿಗೆಯಾಗುತ್ತದೆ. ಇದರಲ್ಲಿ ಅಲ್ಲಿನವರಿಗೆ ವಿಶೇಷವೇನೂ ತೋರದು.

ಮಾರ್ಚ್ ತಿಂಗಳಿನಲ್ಲಿ ಈ ಪೇಟೆಗೆ ಬೇರೊಂದು ಕಳೆ ಬರುತ್ತದೆ. ಬಿಸಿಲು ಏರಿ ಡಾಂಬರು ಮೆತ್ತಗಾಗತೊಡಗುವ ಆ ದಿನಗಳಲ್ಲಿ ಪುಸ್ತಕದಂಗಡಿಗಳ ಮುಂದೆ ಹಗ್ಗ ಕಟ್ಟಿ ಗೈಡುಗಳನ್ನು ನೇತುಹಾಕುತ್ತಾರೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳ ಕಟ್ಟುಗಳು ಮೆಟ್ಟಿಲಿನವರೆಗೂ ಹರಡಿಕೊಂಡಿರುತ್ತವೆ. ಝೆರಾಕ್ಸ್ ಯಂತ್ರಗಳಿಗೆ ಹೊತ್ತು ಮುಳುಗುವವರೆಗೂ ಬಿಡುವಿಲ್ಲ. ಹತ್ತನೆಯ ತರಗತಿಯ ಮಕ್ಕಳು, ಅವರಿಗಿಂತ ಹೆಚ್ಚು ಗಾಬರಿಗೊಂಡ ತಾಯಿತಂದೆಗಳು, ಕೈಯಲ್ಲೊಂದು ಚೀಟಿ ಹಿಡಿದು ಅಂಗಡಿಯಿಂದಂಗಡಿಗೆ ಅಲೆಯುತ್ತಾರೆ. ಈ ಸಲದ ಮಾರ್ಚಿನಲ್ಲಿ ಆ ಗುಂಪಿನೊಳಗೆ ನಾನೂ ಒಬ್ಬನಾಗಿದ್ದೆನು. ನಮ್ಮ ಅಕ್ಕನ ಗಂಡ ಕಮಲಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು, ಮನೆ ಕಲಬುರಗಿಯಲ್ಲಿ. ಪರೀಕ್ಷೆಯ ಹಿಂದಿನ ಮೂರು ವಾರ ಸಾಯಂಕಾಲವೂ ಶಾಲೆಯಲ್ಲಿಯೇ ಉಳಿದು ಮಕ್ಕಳಿಗೆ ಓದಿದ್ದನ್ನು ಮತ್ತೆ ಓದಿಸುವುದು ಅವರ ಪದ್ಧತಿ. “ನೀವೂ ಬರ್ರಿ, ಆಧುನಿಕ ಭಾರತದ ಇತಿಹಾಸ ಹ್ಯಾಂಗ ಬಾಯಿಪಾಠ ಆಗತದ ನೋಡೀರಂತ” ಎಂದು ಕರೆದರು. ಹೊರಟೆನು.

ಅಂಗಡಿಯವನನ್ನು ಭಾವನವರು ಕೇಳಿದರು: “ಇತಿಹಾಸದ ಪ್ರಶ್ನೆ ಅಷ್ಟೇ ಬ್ಯಾರೆ ಸಿಗತಾವೇನ್ರಿ?”

“ಬ್ಯಾರೆ ಎಲ್ಲಿ ಬರತಾವ್ರಿ ಸರ್? ಆರೂ ಕೂಡೇ ಕಟ್ಟಿರತಾರ.”

ಅವನ ಮಾತು ನಿಜ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಇವಾರೂ ಸೇರಿ ಒಂದು ಸಮಾಜ ವಿಜ್ಞಾನ. ಆರಕ್ಕೂ ಕೂಡಿ ಒಂದೇ ಪತ್ರಿಕೆ, 80 ಅಂಕ. ಯುರೋಪಿನವರ ಆಗಮನದಿಂದ ಹಿಡಿದು ಎರಡು ಮಹಾಯುದ್ಧಗಳವರೆಗೆ ಸುಮಾರು ನಾಲ್ಕೂವರೆ ಶತಮಾನಗಳ ಕಥೆಯು ಆ ಎಂಬತ್ತರೊಳಗಿನ ಒಂದು ಪಾಲು. ಮಕ್ಕಳಾದರೂ ಏನು ಮಾಡಿಯಾರು? 1757 ಪ್ಲಾಸಿ, 1764 ಬಕ್ಸಾರ್, 1857 ಸಿಪಾಯಿಗಳ ದಂಗೆ, 1885 ಕಾಂಗ್ರೆಸ್ಸು, 1919 ಜಲಿಯನ್‌ವಾಲಾ ಬಾಗ್, 1930 ಉಪ್ಪಿನ ಸತ್ಯಾಗ್ರಹ, 1942 ಚಲೇಜಾವ್. ಮಗ್ಗಿಯಂತೆ ರಾಗವಾಗಿ ಹೇಳಿಕೊಳ್ಳುತ್ತಾರೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತ ಒಬ್ಬ ಹುಡುಗನು ಕಣ್ಣು ಮುಚ್ಚಿ ಇದನ್ನೇ ಗುಣುಗುಣಿಸುತ್ತಿದ್ದನು; ಪಕ್ಕದಲ್ಲಿ ಅವನ ತಂದೆ ಗೈಡಿನ ಬೆಲೆಯನ್ನು ಇಳಿಸುವ ಯತ್ನದಲ್ಲಿದ್ದನು.

ಇಷ್ಟು ಗಡಿಬಿಡಿಗೆ ಕಾರಣವಿಲ್ಲದಿಲ್ಲ. 2025ನೆಯ ಇಸವಿಯ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ರಾಜ್ಯದ ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿಯು ಕಟ್ಟಕಡೆಯಲ್ಲಿತ್ತು. ನೂರು ಮಕ್ಕಳಲ್ಲಿ ಸುಮಾರು 42 ಮಂದಿ ಮಾತ್ರ ತೇರ್ಗಡೆ. ಅದೇ ಪಟ್ಟಿಯ ತಲೆಯಲ್ಲಿದ್ದ ದಕ್ಷಿಣ ಕನ್ನಡದಲ್ಲಿ 91. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುವುದರಿಂದ ಒಮ್ಮೆ ತಪ್ಪಿದವರಿಗೆ ಮತ್ತೆ ಅವಕಾಶವುಂಟು. ಆದರೆ ಒಮ್ಮೆ ತಪ್ಪಿದ ಹುಡುಗಿಯು ಎರಡನೆಯ ಸಲ ಕೂಡುವವರೆಗೆ ಊರಿನಲ್ಲಿರುತ್ತಾಳೆಯೇ ಎಂಬುದು ಬೇರೆ ಮಾತು. ಆ ಮಾತಿಗೆ ಮುಂದೆ ಬರುತ್ತೇನೆ.

ಪ್ರಶ್ನೆಪತ್ರಿಕೆಗಳನ್ನು ಒಂದು ಕಟ್ಟು ಕೊಂಡು, ಇಪ್ಪತ್ತುನಾಲ್ಕು ಪ್ರತಿ ತೆಗೆಯಲು ಝೆರಾಕ್ಸಿನವನಿಗೆ ಕೊಟ್ಟೆವು. ಹಣವನ್ನು ಭಾವನವರು ತಮ್ಮ ಕಿಸೆಯಿಂದಲೇ ಕೊಟ್ಟರು. ಎರಡು ತಾಸು ಬಿಟ್ಟು ಬರಲು ಹೇಳಿದುದರಿಂದ, ಒಂದೊಂದು ಪ್ಲೇಟು ಸುಸಲಾ, ಮಿರ್ಚಿಭಜಿ ತಿಂದು, ಚಹಾ ಕುಡಿದು ಊರೊಳಗೆ ತಿರುಗಾಡಲು ಹೊರಟೆವು.

ಕಲಬುರಗಿಯನ್ನು ನೋಡಲು ಬರುವ ಯಾತ್ರಿಕರು ಮೊದಲು ಕೋಟೆಗೇ ಹೋಗುತ್ತಾರೆ. ಅದು ಪೇಟೆಗೆ ಸಮೀಪದಲ್ಲಿಯೇ ಇದೆ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಇದು. ಒಳಗಿನ ಜಾಮಿ ಮಸೀದಿಯು 1367ರದು, ಅಂಗಳವನ್ನು ಬಯಲಾಗಿ ಬಿಡದೆ ಪೂರ್ತಿಯಾಗಿ ಮಾಡು ಮುಚ್ಚಿದ ಅಪರೂಪದ ಕಟ್ಟಡ. ನಮ್ಮ ಭಾವನವರು ಅದರ ಕಡೆಗೆ ಕೈ ತೋರಿಸಿ, “ಇದು ಪರೀಕ್ಷೆಗೆ ಬರೂದಿಲ್ಲ” ಎಂದು ಮುಂದೆ ಸಾಗಿಬಿಟ್ಟರು. ಹತ್ತನೆಯವರ ಪಾಠ ಆಧುನಿಕ ಕಾಲದ್ದು, ಇದು ಮಧ್ಯಯುಗ. ಆರು ನೂರು ವರ್ಷಗಳ ಕಲ್ಲು ಕಣ್ಣೆದುರಿಗಿದ್ದರೂ, ಕೇಳುವ ಪ್ರಶ್ನೆ ಬಂಗಾಳದ ಪ್ಲಾಸಿಯದು ಎಂಬುದರಲ್ಲಿ ಒಂದು ವಿನೋದವಿದೆ.

ಆದರೆ ಆಧುನಿಕ ಇತಿಹಾಸವೂ ಈ ಊರಿನಲ್ಲಿ ಕಡಿಮೆಯೇನಿಲ್ಲ. ಅದು ಕೋಟೆಯಂತೆ ಎದ್ದು ನಿಂತು ಕಾಣುವುದಿಲ್ಲ, ಅಷ್ಟೆ. ಹೆಸರುಗಳಲ್ಲಿ ಅಡಗಿಕೊಂಡಿದೆ. ಊರಿನ ಉದ್ಯಾನಕ್ಕೆ ಮೆಹಬೂಬ್ ಗುಲ್ಷನ್ ಎಂದು ಹೆಸರು. ಆ ಮೆಹಬೂಬನು 1869ರಿಂದ 1911ರವರೆಗೆ ಹೈದರಾಬಾದನ್ನಾಳಿದ ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್. ಎಂ.ಎಸ್.ಕೆ. ಮಿಲ್ ಎಂದು ಕರೆಯುವ ಹತ್ತಿಯ ಗಿರಣಿಯಿದ್ದ ಬಡಾವಣೆಯ ಹೆಸರಿನಲ್ಲಿಯೂ ಮೊದಲಕ್ಷರ ಅವನದೇ. ಗಿರಣಿ ನಿಂತುಹೋಗಿ ಎಷ್ಟೋ ವರ್ಷಗಳಾದರೂ ಆಟೋದವರ ಬಾಯಲ್ಲಿ ಅದು ಇನ್ನೂ ನಡೆಯುತ್ತಿದೆ. ರೈಲು ನಿಲ್ದಾಣಕ್ಕೆ ಹೋದರೆ ಮುಂಬಯಿಯಿಂದ ಮದ್ರಾಸಿಗೆ ಹೋಗುವ ದಾರಿ. 1871ರಲ್ಲಿ ರಾಯಚೂರಿನಲ್ಲಿ ಎರಡೂ ಕಡೆಯ ಹಳಿಗಳು ಕೂಡಿಕೊಂಡವು. ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳು ಎಂಬ ಪಾಠದಲ್ಲಿ ರೈಲಿನ ವಿಷಯ ಎರಡು ಅಂಕಕ್ಕೆ ಬರುತ್ತದೆ. ಹತ್ತಿಯನ್ನು ಹೊರಗೆ ಸಾಗಿಸಿ ಬಟ್ಟೆಯನ್ನು ಒಳಗೆ ತರಲು ಅದೆಷ್ಟು ಅನುಕೂಲವಾಯಿತೆಂಬುದನ್ನು ಈ ಕಪ್ಪು ಮಣ್ಣಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಗಳ ವಿಷಯವನ್ನು ಇಲ್ಲಿಯೇ ಹೇಳಬೇಕು. 1884ರಲ್ಲಿ ನಿಜಾಮ ಸರಕಾರದ ಆಡಳಿತ ಭಾಷೆಯು ಪಾರಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಉರ್ದುವಿನಲ್ಲಿಯೇ ಎಲ್ಲವನ್ನೂ ಕಲಿಸುವ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಆ ಸಾಹಸ ದೊಡ್ಡದೇ ಸರಿ. ಆದರೆ ಆ ದೇಶಭಾಷೆ ತೆಲುಗರದೂ ಮರಾಠಿಗರದೂ ಕನ್ನಡಿಗರದೂ ಆಗಿರಲಿಲ್ಲ. ಇಂಥ ಕಾಲದಲ್ಲಿ, 1907ರಲ್ಲಿ ಕಲಬುರಗಿಯ ನೂತನ ವಿದ್ಯಾಲಯವು ಖಾಸಗಿಯವರ ಶ್ರಮದಿಂದ ಆರಂಭವಾಯಿತು. 1934ರಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಈ ದಿನ ಸೂಪರ್ ಮಾರ್ಕೆಟ್ಟಿನಲ್ಲಿ ಕನ್ನಡದ ಗೈಡಿಗಾಗಿ ನೂಕಾಡುವ ಹುಡುಗಿಯರನ್ನು ಕಂಡಾಗ ನನಗೆ ಆ ಎರಡು ಇಸವಿಗಳು ನೆನಪಾದವು. ಅವೂ ಪರೀಕ್ಷೆಗೆ ಬರುವುದಿಲ್ಲ.

ರೈಲು ನಿಲ್ದಾಣದ ಕಡೆಯ ರಸ್ತೆಯಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರ ಪ್ರತಿಮೆಯಿರುವ ವೃತ್ತವಿದೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಈ ಪ್ರತಿಮೆಗೆ ಮಾಲೆ ಹಾಕಿ ಊರಿನಲ್ಲಿ ಧ್ವಜವೇರಿಸುತ್ತಾರೆ. ಹಿಂದೆ ಅದನ್ನು ಹೈದರಾಬಾದ ಕರ್ನಾಟಕ ವಿಮೋಚನಾ ದಿನವೆನ್ನುತ್ತಿದ್ದರು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ದಿನವೆನ್ನುತ್ತಾರೆ. ಮೈಸೂರು, ಧಾರವಾಡಗಳ ಮಕ್ಕಳಿಗೆ ಈ ದಿನದ ಗೊಡವೆಯಿಲ್ಲ. ಇಲ್ಲಿಯ ಮಕ್ಕಳಿಗೆ ಮಾತ್ರ ಸ್ವಾತಂತ್ರ್ಯದ ದಿನಗಳು ಎರಡು, ಮತ್ತು ಅವುಗಳ ನಡುವೆ ಹದಿಮೂರು ತಿಂಗಳ ಅಂತರ.

ಝೆರಾಕ್ಸಿನ ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಕೇಂದ್ರ ಬಸ್ ನಿಲ್ದಾಣಕ್ಕೆ ಬಂದು ಹುಮನಾಬಾದಿನ ಬಸ್ಸನ್ನು ಹಿಡಿದೆವು. ಕಮಲಾಪುರವು ಈ ದಾರಿಯಲ್ಲಿ ಸುಮಾರು 36 ಕಿಲೋಮೀಟರು. ಬಸ್ಸಿನ ತುಂಬ ಸಂತೆಯ ಚೀಲಗಳು. ಮಹಾಗಾಂವ ಕ್ರಾಸು ದಾಟಿದ ಮೇಲೆ ಎರಡೂ ಬದಿಗೆ ತೊಗರಿ ಕೊಯ್ದು ಬರಿದಾದ ಹೊಲಗಳು, ಅಲ್ಲಲ್ಲಿ ಕಡಲೆಯ ಹೊಟ್ಟಿನ ಬಣವೆ. ಆಮೇಲೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಅದೇ ಕಮಲಾಪುರದ ಗುರುತು. ಊರು ಹತ್ತಿರವಾದಂತೆ ರಸ್ತೆಯ ಬದಿಯಲ್ಲಿ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿ ಮಾರುವವರು ಕಾಣಿಸುತ್ತಾರೆ. ಸಾಮಾನ್ಯ ಬಾಳೆ ಒಂದು ವರ್ಷದಲ್ಲಿ ಬಂದರೆ ಇದು ಹದಿನೆಂಟು ತಿಂಗಳು ಬೇಡುತ್ತದೆ; ನೀರೂ ಆರೈಕೆಯೂ ಹೆಚ್ಚು; ಆದುದರಿಂದ ಬೆಲೆಯೂ ಹೆಚ್ಚು. ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಹಣ್ಣಿದು. ಊರಿನ ಹೆಚ್ಚು ಮಂದಿ ಇದನ್ನು ಬೆಳೆಯುವುದಕ್ಕಿಂತ ನೋಡುವುದೇ ಹೆಚ್ಚು ಎಂದು ಬಸ್ಸಿನಲ್ಲಿ ಪಕ್ಕದವರು ನಕ್ಕು ಹೇಳಿದರು. ಕಮಲಾಪುರವು ಮೊದಲು ಕಲಬುರಗಿ ತಾಲೂಕಿನಲ್ಲಿತ್ತು; ಈಗ ತಾನೇ ಒಂದು ತಾಲೂಕು. 2017ರಿಂದ ಬೀದರಿಗೆ ಹೋಗುವ ರೈಲೂ ಈ ಊರಿನ ಮೇಲೆ ಹಾದುಹೋಗುತ್ತದೆ.

ಸಂಜೆ ಆರರ ಹೊತ್ತಿಗೆ ಶಾಲೆ ಮುಟ್ಟಿದೆವು. ಪಡಸಾಲೆಯಲ್ಲಿ ಎರಡು ದೀಪ, ಒಂದು ಕರಿಹಲಗೆ, ನೆಲದ ಮೇಲೆ ಇಪ್ಪತ್ತು ಇಪ್ಪತ್ತೆರಡು ಮಕ್ಕಳು. ಪ್ರಶ್ನೆಪತ್ರಿಕೆಗಳನ್ನು ಹಂಚಿದೊಡನೆಯೇ ಭಾವನವರು ಕೇಳಿದರು:

“ಸಹಾಯಕ ಸೈನ್ಯ ಪದ್ಧತಿ ತಂದವರು ಯಾರು?”

“ಲಾರ್ಡ್ ವೆಲ್ಲೆಸ್ಲಿ, ಸರ್!”

“ಮೊದಲು ಒಪ್ಪಿದ ಸಂಸ್ಥಾನ?”

“ಹೈದರಾಬಾದ್, 1798, ಸರ್!”

“ಹೈದರಾಬಾದ್ ಅಂದ್ರ ಎಲ್ಲಿ?”

ಈ ಪ್ರಶ್ನೆಗೆ ಮಕ್ಕಳು ಸುಮ್ಮನಾದರು. ಒಬ್ಬ ಹುಡುಗನು ಧೈರ್ಯ ಮಾಡಿ, “ತೆಲಂಗಾಣದಾಗ, ಸರ್” ಎಂದನು. ಭಾವನವರು ಕಾಲಿನಿಂದ ನೆಲವನ್ನು ತಟ್ಟಿ, “ಇಲ್ಲಿ” ಎಂದರು.

ಗೈಡಿನ ಯಾವ ಪುಟದಲ್ಲಿಯೂ ಆ ಒಂದು ಮಾತಿಲ್ಲ. ಹದಿನಾರು ಜಿಲ್ಲೆಗಳ ಆ ದೊಡ್ಡ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ ಈ ಮೂರು ಕನ್ನಡದ ಜಿಲ್ಲೆಗಳು. 1798ರಲ್ಲಿ ನಿಜಾಮನು ರುಜು ಹಾಕಿದನೆಂದರೆ, ಈ ಕಮಲಾಪುರದ ನೆಲದ ಸಲುವಾಗಿಯೂ ಹಾಕಿದನು. ಇಂಗ್ಲಿಷರ ಸೈನ್ಯದ ಖರ್ಚಿನ ಬಾಕಿಯನ್ನು ತೀರಿಸಲಾರದೆ 1853ರಲ್ಲಿ ಬೇರಾರು, ರಾಯಚೂರು ದೋಆಬು, ನಳದುರ್ಗದ ಸೀಮೆಗಳನ್ನು ಅವರ ಕೈಗೆ ಒಪ್ಪಿಸಿದನು. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನು ತಿರುಗಿಬಿದ್ದು ಸೋತಮೇಲೆ, 1860ರಲ್ಲಿ ಇಂಗ್ಲಿಷರು ರಾಯಚೂರನ್ನೂ ನಳದುರ್ಗವನ್ನೂ ಹಿಂದಿರುಗಿಸಿದರಲ್ಲದೆ ಸುರಪುರವನ್ನೂ ನಿಜಾಮನ ವಶಕ್ಕೆ ಕೊಟ್ಟರು. ಪುಸ್ತಕದಲ್ಲಿ ಸಹಾಯಕ ಸೈನ್ಯವು ಒಂದು ಪಾಠ, ಸುರಪುರವು ಇನ್ನೊಂದು ಪಾಠ. ನಡುವೆ ಎಷ್ಟೋ ಪುಟಗಳು. ಹಲಗೆಯ ಮೇಲೆ ಭಾವನವರು ಎರಡನ್ನೂ ಒಂದೇ ಗೆರೆಯಿಂದ ಜೋಡಿಸಿದಾಗ ಮಕ್ಕಳು ಬರೆದುಕೊಳ್ಳುವುದನ್ನು ಬಿಟ್ಟು ನೋಡತೊಡಗಿದರು. ಓದಿದ್ದನ್ನು ಮತ್ತೆ ಓದುವುದೆಂದರೆ ಅದೇ ಸಾಲುಗಳನ್ನು ಇನ್ನೊಮ್ಮೆ ಹೇಳುವುದೆಂದು ನಾನು ತಿಳಿದಿದ್ದೆನು. ಇವರು ಬಿಡಿಬಿಡಿಯಾಗಿ ಬಿದ್ದಿದ್ದವುಗಳನ್ನು ಪೋಣಿಸುತ್ತಿದ್ದರು.

ಬಳಿಕ ಸ್ವಾತಂತ್ರ್ಯೋತ್ತರ ಭಾರತದ ಪಾಠ. ಪ್ರಶ್ನೆ ಇದು: ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಹೇಗೆ ವಿಲೀನವಾಯಿತು? ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸಿದರು: ನಿಜಾಮನು ಸ್ವತಂತ್ರನಾಗಿರಬೇಕೆಂದು ಬಯಸಿದ್ದು, ರಜಾಕಾರರ ದೌರ್ಜನ್ಯ, ಜನರ ವಿರೋಧ, 1948ರ ಸೈನ್ಯದ ಕಾರ್ಯಾಚರಣೆ. ನಾಲ್ಕು ಅಂಶ, ಅದಕ್ಕೆ ತಕ್ಕ ಅಂಕ. ಭಾವನವರು ಹಲಗೆಯನ್ನು ಒರಸಿ ಒಂದು ಅಡ್ಡಗೆರೆ ಎಳೆದರು. ಎಡತುದಿಗೆ ಸೊಲ್ಲಾಪುರ ಎಂದು ಬರೆದರು, ಬಲತುದಿಗೆ ಹೈದರಾಬಾದ್. ನಡುವೆ ನಳದುರ್ಗ, ಉಮರ್ಗಾ, ಹುಮನಾಬಾದ, ಜಹೀರಾಬಾದ್. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಕೈಕೆಳಗಿನ ಮುಖ್ಯ ಸೈನ್ಯವು ಹೊರಟದ್ದು ಈ ದಾರಿಯಲ್ಲಿ. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು ಸೋಲೊಪ್ಪಿಕೊಂಡನು. ಮರುದಿನ ಅವನ ಸೇನಾಪತಿ ಎಲ್ ಎಡ್ರೂಸನು ಶರಣಾದನು. ಇಷ್ಟನ್ನು ಹೇಳಿ, ಹುಮನಾಬಾದದಿಂದ ಕೆಳಗೆ ಇನ್ನೊಂದು ಗೆರೆ ಎಳೆದು, ಅದರ ಮೇಲೆ ಒಂದು ಚುಕ್ಕೆಯಿಟ್ಟರು.

“ಇದು ಯಾವ ಊರು?”

“ಕಮಲಾಪುರ, ಸರ್!” ಇಪ್ಪತ್ತು ಕಂಠಗಳು ಒಟ್ಟಿಗೆ ಕೂಗಿದವು. ಹುಮನಾಬಾದಿಗೆ ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಮದುವೆಗೆ, ಜಾತ್ರೆಗೆ ಎಲ್ಲರೂ ಹೋಗಿಬಂದ ಊರು.

ಅಷ್ಟರಲ್ಲಿ ಕೈಯಲ್ಲಿ ಬ್ಯಾಟರಿ ಹಿಡಿದು ಒಬ್ಬ ಮುದುಕರು ಬಂದು ಬಾಗಿಲ ಬಳಿ ನಿಂತರು. ತೊಂಬತ್ತರ ಸಮೀಪದ ವಯಸ್ಸು, ಬೆನ್ನು ಮಾತ್ರ ನೆಟ್ಟಗೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿಯ ಮುತ್ಯಾ. ಅವಳ ತಂದೆತಾಯಿಗಳು ತೊಗರಿಯ ಸುಗ್ಗಿ ಮುಗಿದೊಡನೆ ಪುಣೆಗೆ ಗುಳೆ ಹೋಗಿದ್ದಾರೆ; ಅಲ್ಲಿ ಕಟ್ಟಡದ ಕೆಲಸ. ಪರೀಕ್ಷೆಯ ಸಲುವಾಗಿ ಇವಳನ್ನು ಮಾತ್ರ ಮುತ್ಯಾ, ಆಯಿಯರ ಬಳಿ ಬಿಟ್ಟಿದ್ದಾರೆ. ಪಾಸಾದರೆ ಕಲಬುರಗಿಯಲ್ಲಿ ಕಾಲೇಜು. ಇಲ್ಲವಾದರೆ ಇವಳೂ ಪುಣೆಗೆ ಹೋಗಿ, ಕಟ್ಟಡದ ಬದಿಯ ಶೆಡ್ಡಿನಲ್ಲಿ ರೊಟ್ಟಿ ಬಡಿದು ತಮ್ಮನನ್ನು ನೋಡಿಕೊಳ್ಳಬೇಕು. ಇದನ್ನು ಭಾವನವರು ನನಗೆ ಬಸ್ಸಿನಲ್ಲಿಯೇ ಹೇಳಿದ್ದರು. ಮತ್ತೆ ಪರೀಕ್ಷೆಗೆ ಕೂಡುವ ಅವಕಾಶವು ಕಾಗದದ ಮೇಲೆ ಎಲ್ಲರಿಗೂ ಸಮನಾದರೂ, ಎರಡನೆಯದು ಬರುವಷ್ಟರಲ್ಲಿ ಯಾವ ಊರಿನ ಯಾವ ಕಟ್ಟಡದ ಬುಡದಲ್ಲಿರುತ್ತೇವೆಂದು ತಿಳಿಯದವರಿಗೆ ಮೊದಲನೆಯದೇ ಕಡೆಯದು.

“ಬರ್ರಿ ಮುತ್ಯಾ, ಒಳಗ ಬರ್ರಿ. ಇವರಿಗೆ ನಿಮ್ಮ ಸಾಲಿ ಕಥಿ ಹೇಳ್ರಿ” ಎಂದು ಭಾವನವರು ಕುರ್ಚಿ ಕೊಟ್ಟರು. ಮುತ್ಯಾ ಕುರ್ಚಿಯ ಮೇಲೆ ಕುಳಿತುಕೊಳ್ಳದೆ ಮಕ್ಕಳ ಬದಿಯಲ್ಲಿ ನೆಲದ ಮೇಲೆಯೇ ಕುಳಿತರು.

“ನಾ ಆಗ ಮೂರನೇತಾ ಇದ್ದೆ. ಮಾಸ್ತರ್ರು ಉರ್ದುದಾಗೇ ಹೇಳತಿದ್ರು. ನಮಗೇನು ತಿಳೀತಿರಲಿಲ್ಲ. ಬಾಯಿಪಾಠ ಮಾಡತಿದ್ವಿ.”

“ಈಗ ನಮಗ ತಿಳೀತದ ಮುತ್ಯಾ, ಆದ್ರೂ ಬಾಯಿಪಾಠನೇ ಮಾಡತೀವಿ” ಎಂದು ಹಿಂದಿನಿಂದ ಒಬ್ಬ ಹುಡುಗ ಅಂದನು. ಎಲ್ಲರೂ ನಕ್ಕರು, ಮುತ್ಯಾ ಕೂಡ.

ಅವರು ಹೇಳಿದ ಸಣ್ಣಪುಟ್ಟ ಸಂಗತಿಗಳು ಒಂದು ದೊಡ್ಡ ಪಾಠಕ್ಕಿಂತ ಹೆಚ್ಚಾಗಿದ್ದವು. ಆ ಕಾಲದ ನಾಣ್ಯ ಹಾಲಿ ಸಿಕ್ಕಾ. ಗಡಿಯಾಚೆಯ ಇಂಗ್ಲಿಷ್ ರೂಪಾಯಿಗೆ ಕಲ್ದಾರ ಎಂದು ಹೆಸರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಸೊಲ್ಲಾಪುರದಿಂದ ಒಂದು ಸೀರೆ ತರಬೇಕಾದರೂ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕು. ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೆ ಸರಕಾರದ ಅಪ್ಪಣೆ ಬೇಕು. ಅದಕ್ಕೆ ಗಶ್ತಿ ನಿಶಾನ್ 53 ಎಂಬ ಸುತ್ತೋಲೆಯಿತ್ತು. ಶಾಲೆಯಲ್ಲಿ ಇತಿಹಾಸದ ಪಾಠಕ್ಕೆ ತಾರೀಖ್ ಎನ್ನುತ್ತಿದ್ದರಂತೆ. ಇದನ್ನು ಕೇಳಿ ಮಕ್ಕಳಿಗೆ ಆನಂದವಾಯಿತು. ನಾವು ತೇದಿಗೆ ತಾರೀಖು ಎನ್ನುತ್ತೇವೆ. ಉರ್ದುವಿನಲ್ಲಿ ತೇದಿಗೂ ಇತಿಹಾಸಕ್ಕೂ ಅದೊಂದೇ ಮಾತು. ಪರೀಕ್ಷೆಗೆ ಓದುವವರ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ತಿಳಿದ ಭಾಷೆ ಇನ್ನೊಂದಿರಲಾರದು.

“ಫೌಜು ಬಂದಾಗ ನೀವೇನು ನೋಡಿದ್ರಿ, ಮುತ್ಯಾ?” ಎಂದು ಮೊಮ್ಮಗಳೇ ಕೇಳಿದಳು. ಮನೆಯಲ್ಲಿ ಎಂದೂ ಕೇಳಿರಲಿಲ್ಲವೆಂದು ತೋರುತ್ತದೆ.

“ಏನೂ ನೋಡಲಿಲ್ಲವಾ. ಮ್ಯಾಲ ಇಮಾನದ ಸಪ್ಪಳ ಕೇಳತಿತ್ತು. ಅವ್ವ ನಮ್ಮನ್ನ ಸಜ್ಜಿ ಹೊಲದಾಗ ಕುಂದರಿಸಿದ್ಳು. ಬಾಯಿ ಮುಚ್ಚಿಕೊಂಡು ಕುಂತಿದ್ವಿ.”

“ಯಾವ ಇಸವಿ?”

ಮುತ್ಯಾ ತಡಮಾಡದೆ, “ತೇರಾ ಸೌ ಸತ್ತಾವನ್” ಎಂದರು.

ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಸಾವಿರದ ಮುನ್ನೂರ ಐವತ್ತೇಳು! ಬಹಮನಿಗಳ ಕಾಲವೇ? ಭಾವನವರು ಬಿಡಿಸಿ ಹೇಳಿದರು. ನಿಜಾಮನ ಸಂಸ್ಥಾನದಲ್ಲಿ ಫಸಲಿ ವರ್ಷ ನಡೆಯುತ್ತಿತ್ತು. ಅದು ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ನಮ್ಮ ಇಸವಿಯಿಂದ ಅಕ್ಟೋಬರಿನ ಮುಂಚೆಯಾದರೆ 591ನ್ನೂ ಆಮೇಲಾದರೆ 590ನ್ನೂ ಕಳೆಯಬೇಕು. 1948ರ ಸೆಪ್ಟೆಂಬರು ಎಂದರೆ ಫಸಲಿ 1357. ಮನೆಯಲ್ಲಿ ಹಳೆಯ ಹೊಲದ ಕಾಗದಗಳಿದ್ದವರು ತೆಗೆದು ನೋಡಿದರೆ ಈ ಲೆಕ್ಕ ಕಾಣಬಹುದು. ಹುಡುಗಿಯು ಪುಸ್ತಕದ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿ, “ಸರಿ ಬಂತು, ಸರ್” ಎಂದಳು.

ಆಮೇಲೆ ಮುತ್ಯಾ ಕೇಳದೆಯೇ ಒಂದು ಮಾತು ಹೇಳಿದರು. “ಫೌಜು ಬಂದ ಮ್ಯಾಲಿನ ದಿನಾನೂ ಛಲೋ ಇರಲಿಲ್ಲ. ನಮ್ಮ ಓಣ್ಯಾಗ ಒಬ್ಬರು ದರ್ಜಿ ಇದ್ರು. ಸಾಬರು. ನನ್ನ ಸಾಲಿ ಅಂಗಿ ಅವರೇ ಹೊಲಿದಿದ್ರು. ಎಲ್ಲಿ ಹೋದ್ರೋ, ತಿರುಗಿ ಬರಲಿಲ್ಲ.”

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈ ಭಾಗದ ಮನೆಗಳಲ್ಲಿ ಎರಡು ಬಗೆಯ ನೆನಪುಗಳಿವೆ. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ಇನ್ನೂರರಷ್ಟು ಮಂದಿಯನ್ನು ಕೊಂದರೆಂದು ಹೇಳುತ್ತಾರೆ. ಅದರ ಸ್ಮಾರಕವು ಅಲ್ಲಿದೆ. ಸೆಪ್ಟೆಂಬರಿನ ಬಳಿಕ ಸೇಡಿನ ಹೆಸರಿನಲ್ಲಿ ಪ್ರಾಣ ತೆತ್ತವರಲ್ಲಿ ಬಹುಮಂದಿ ರಜಾಕಾರರಲ್ಲದ ಸಾಮಾನ್ಯ ಮುಸಲ್ಮಾನರು. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಈ ಸಾವುಗಳನ್ನು 27 ಸಾವಿರದಿಂದ 40 ಸಾವಿರದವರೆಗೆ ಎಂದು ಅಂದಾಜು ಮಾಡಿ, ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ, ಬೀದರಗಳೊಡನೆ ಕಲಬುರಗಿಯನ್ನೂ ಹೆಸರಿಸಿತು. ಆ ವರದಿ ಬಹುಕಾಲ ಪ್ರಕಟವಾಗಲಿಲ್ಲ. ನಾಲ್ಕು ಅಂಶಗಳ ಉತ್ತರದಲ್ಲಿ ಇದಕ್ಕೆ ಸ್ಥಳವಿಲ್ಲ. ಹದಿನೈದು ವರ್ಷದ ಮಕ್ಕಳಿಗೆ ಇದನ್ನೆಲ್ಲ ಹೇಳಬೇಕೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಪ್ಲಾಸಿಯಲ್ಲಿ ಮೀರ್ ಜಾಫರನು ಮಾಡಿದ ದ್ರೋಹವನ್ನು ತಿಳಿಯುವಷ್ಟು ದೊಡ್ಡವರಾದ ಮಕ್ಕಳು, ತಮ್ಮ ಓಣಿಯ ದರ್ಜಿ ಎಲ್ಲಿ ಹೋದನೆಂದು ಕೇಳುವಷ್ಟು ದೊಡ್ಡವರೂ ಆಗಿದ್ದಾರೆಂಬುದು ನನ್ನ ಅಭಿಪ್ರಾಯ.

ಭಾವನವರು ಮಾತ್ರ ಪರೀಕ್ಷೆಯನ್ನು ಮರೆಯಲಿಲ್ಲ. “ಮೊದಲು ನಾಲ್ಕು ಅಂಶ ಬರೀರಿ. ನಾಲ್ಕೂ ಬರದ ಮ್ಯಾಲ ಜಾಗ ಉಳದ್ರ, ಸ್ವಾಮಿ ರಮಾನಂದ ತೀರ್ಥರ ಹೆಸರು ಹಾಕ್ರಿ” ಎಂದರು. ರಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು. ಹುಟ್ಟಿದ್ದು 1903ರಲ್ಲಿ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ದೇಶವೆಲ್ಲ ಹಬ್ಬ ಮಾಡುತ್ತಿದ್ದ 1947ರ ಆಗಸ್ಟ್ 15ರಂದು ಅವರು ಹೈದರಾಬಾದಿನಲ್ಲಿ ಸೆರೆಯಾದರು. 1952ರ ಮೊದಲ ಮಹಾಚುನಾವಣೆಯಲ್ಲಿ ಲೋಕಸಭೆಗೆ ಆರಿಸಿಬಂದದ್ದು ಇದೇ ಕಲಬುರಗಿಯಿಂದ. “ಸರ್ದಾರ ಶರಣಗೌಡ ಇನಾಮದಾರರ ಹೆಸರು?” ಎಂದು ಒಬ್ಬನು ಕೇಳಿದನು. “ಅದೂ ಹಾಕು. ಆದ್ರ ಕಾಗುಣಿತ ತಪ್ಪಬ್ಯಾಡ.”

1956ರ ನವೆಂಬರ್ 1ರಂದು ಈ ಮೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ್ದು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು, ಇವನ್ನು ಬೇಗ ಬೇಗ ಮುಗಿಸಿದರು. ಎರಡು ಮಹಾಯುದ್ಧಗಳು ಮರುದಿನಕ್ಕೆ ಉಳಿದವು. ಹುಡುಗರು ಎದ್ದು ನೀರು ಕುಡಿಯಲು ಹೋದರು.

ಆಗ ಮುತ್ಯಾನ ಕಿಸೆಯೊಳಗಿನ ಫೋನು ಗುಣಗುಟ್ಟಿತು. ಪುಣೆಯಿಂದ ತಾಯಿ. ಮೊಮ್ಮಗಳು ಕಂಬದ ಮರೆಗೆ ಹೋಗಿ ಮಾತಾಡಿದಳು. ಉಂಡಿಯಾ, ಆಯಿಯ ಮೊಣಕಾಲು ಹೇಗಿದೆ, ತಮ್ಮನಿಗೆ ಜ್ವರ ಬಿಟ್ಟಿದೆ, ಇಷ್ಟೆಲ್ಲ ಆದಮೇಲೆ ಅತ್ತ ಕಡೆಯಿಂದ ಏನೋ ಕೇಳಿದಂತಾಯಿತು.

“ಇಲ್ಲವ್ವಾ, ನಮ್ಮೂರ ಹೆಸರು ಪುಸ್ತಕದಾಗ ಇಲ್ಲ” ಎಂದಳು. “ಹುಮನಾಬಾದದ್ದೂ ಇಲ್ಲ. ಸರ್ ಹಲಗಿ ಮ್ಯಾಲ ತಗದಾರ. ಮುತ್ಯಾಗ ಇಸವಿ ಬರತದ, ನಿನಗ ಗೊತ್ತಿತ್ತೇನು?”

ಎಂಟು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಭಾವನವರು ಉಳಿದ ಮೂರು ಪ್ರಶ್ನೆಪತ್ರಿಕೆಗಳನ್ನು, ಬಾರದೆ ಹೋದ ಮಕ್ಕಳ ಮನೆಗಳಿಗೆ ಮುಟ್ಟಿಸಲೆಂದು ಇಬ್ಬರು ಹುಡುಗರ ಕೈಗೆ ಕೊಟ್ಟರು. ಹಲಗೆಯನ್ನು ಒರಸಲು ಹೋದವನನ್ನು ತಡೆದು, “ಇರಲಿ, ನಾಳೆ ಇದರ ಮ್ಯಾಲೇ ಶುರು ಮಾಡೋಣ” ಎಂದರು.